ಹೊಟ್ಟಿನ ಗುಡ್ಡದಿಂದ ಇಳಿದ ಸಾರು

ಹೋದ ವಾರ ಅಟ್ಟ ಖಾಲಿ ಮಾಡಿಸುವಾಗ ಹಳೆಯ ಚಾಪೆಗಳ ಅಡಿಯಿಂದ ಒಂದು ಹಲಗೆ ಸಿಕ್ಕಿತು. ನನಗಿಂತ ಗೇಣುದ್ದ ಹೆಚ್ಚು, ಅಂಗೈಯಷ್ಟು ಅಗಲ, ಒಂದು ತುದಿ ಮೇಲಕ್ಕೆ ಬಾಗಿತ್ತು. ಧೂಳು ಒರೆಸಿ ಮೂಗಿನ ಹತ್ತಿರ ಹಿಡಿದೆ. ಜೇನುಮೇಣದ ವಾಸನೆ ಇನ್ನೂ ಇತ್ತು, ಅದರ ಹಿಂದೆಯೇ ಭತ್ತದ ಹೊಟ್ಟಿನ ವಾಸನೆ... ಹೊಟ್ಟಿನದು ನಿಜವಾಗಿ ಇತ್ತೋ, ನನ್ನ ಮೂಗೇ ಸೇರಿಸಿಕೊಂಡಿತೋ ಗೊತ್ತಿಲ್ಲ. ಕೆಲಸದವನು "ಸೌದೆಗೆ ಹಾಕ್ಲಾ ಅಮ್ಮ?" ಅಂದ. ಅವನ ಮೇಲೆ ರೇಗಿ ಹಲಗೆಯನ್ನು ನಡುಮನೆಯ ಗೋಡೆಗೆ ಒರಗಿಸಿಕೊಂಡೆ.

ನಾನು ಗುಬ್ಬಿಯಿಂದ ಕುಣಿಗಲ್ಲಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಎದುರು ಮನೆಯಲ್ಲಿ ಅವರಿದ್ದರು. ಅಮೃತೂರು ಕಡೆಯವರು, ಸೈನ್ಯದಲ್ಲಿ ಇಪ್ಪತ್ತು ವರ್ಷ ದುಡಿದು ಪಿಂಚಣಿ ಪಡೆದು ಬಂದವರು. ಬೀದಿಗೆಲ್ಲ ಅವರು ಮಿಲ್ಟ್ರಿ ಮಾವ, ಅವರ ಹೆಂಡತಿ ಮಿಲ್ಟ್ರಿ ಅತ್ತೆ. ದಪ್ಪ ಮೀಸೆ, ನೆಟ್ಟಗಿನ ಬೆನ್ನು ನೋಡಿ ಯಾರಾದರೂ ಬಂದೂಕಿನ ಮಾತೆತ್ತಿದರೆ ಅವರೇ ತಡೆಯುತ್ತಿದ್ದರು. "ನಾನು ಅಡುಗೆಯವ್ನು ಕಣಪ್ಪ. ಕೈಲಿ ಹಿಡ್ದಿದ್ದು ಸೌಟು."

ಅಂಥ ಮನುಷ್ಯ ತನ್ನದೆಂದು ಹೇಳಿಕೊಳ್ಳುತ್ತಿದ್ದದ್ದು ಒಂದೇ ಒಂದು ಕಥೆ. ಕಾಶ್ಮೀರದ ಬೆಟ್ಟದ ಮೇಲೊಂದು ಶಿಬಿರ, ಕೆಳಗೆ ಕಣಿವೆಯಲ್ಲಿ ಒಂದು ಕಾವಲು ಠಾಣೆ. ಹಿಮ ಸುರಿದು ದಾರಿ ಮುಚ್ಚಿ, ಠಾಣೆಯ ಹನ್ನೊಂದು ಜನ ಮೂರು ದಿನದಿಂದ ಬಿಸಿ ಅನ್ನ ಕಂಡಿರಲಿಲ್ಲ. ಇವರಿಗೆ ಗುಡ್ಡಗಾಡಿನ ಒಬ್ಬ ಸಿಪಾಯಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದನ್ನು ಕಲಿಸಿದ್ದನಂತೆ, ಅದಕ್ಕೆ ಸ್ಕೀ ಅನ್ನುತ್ತಾರಂತೆ. ಬೆನ್ನಿಗೆ ಬಿಸಿ ಸಾರಿನ ಕ್ಯಾನು ಕಟ್ಟಿಕೊಂಡು ಇವರು ಹಿಮದ ಮೇಲೆ ಜಾರಿ ಹೋಗಿ ಹನ್ನೊಂದು ಜನಕ್ಕೂ ಬಡಿಸಿದರಂತೆ.

ಒಂದು ಸಂಜೆ ನಮ್ಮ ಜಗಲಿಯ ಮೇಲೆ ಏಳೆಂಟು ಜನರ ಎದುರು ಅವರು ಇದನ್ನು ಹೇಳಿ ಮುಗಿಸಿದಾಗ, ಹೊಸ ಸೊಸೆ ಅನ್ನುವ ಸಂಕೋಚವೂ ಇಲ್ಲದೆ ನಾನು ಕೇಳಿಬಿಟ್ಟೆ, "ಸಾರು ಚೆಲ್ಲಲಿಲ್ವಾ, ಮಾವ?"

ಜಗಲಿಯೇ ನಕ್ಕಿತು. ಬಸ್ ಸ್ಟ್ಯಾಂಡಿನ ಹೋಟೆಲಿನವರು ಅಲ್ಲೇ ಇದ್ದರು, ಅವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನನ್ನ ಮಾತು ಮರುದಿನ ಬೆಳಗಾಗುವುದರೊಳಗೆ ಬಸ್ ಸ್ಟ್ಯಾಂಡು ಸೇರಿತ್ತು. ಮಾವ ಕಾಫಿಗೆ ಹೋದರೆ "ಸಾರು ಚೆಲ್ತಾ?", ಪಿಂಚಣಿ ತರಲು ಹೋದರೆ "ಸಾರು ಚೆಲ್ತಾ?". ಹುಲಿಯೂರುದುರ್ಗದ ಬಸ್ಸಿನ ಕಂಡಕ್ಟರ್ ಕೂಡ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದನಂತೆ. ಕೊನೆಗೆ ಅವರು ಹೋಟೆಲಿಗೆ ಹೋಗುವುದನ್ನೇ ಬಿಟ್ಟರು.

ಒಂದು ದಿನ ಮಿಲ್ಟ್ರಿ ಅತ್ತೆ ಮೊಸರಿಗೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ನಿಂತರು. "ಅವರು ಮಾಡಿದ್ದು ಅದೊಂದೇ ದೊಡ್ಡ ಕೆಲಸ ಕಣಮ್ಮ. ಅದೂ ಸುಳ್ಳು ಅಂದ್ರೆ ಇಪ್ಪತ್ತು ವರ್ಷ ಅಲ್ಲಿ ಏನ್ ಮಾಡಿದ್ರು ಅಂತಾಗುತ್ತೆ?" ಅಂದರು. ಬೈದಿದ್ದರೆ ನಾನು ತಿರುಗಿಸಿ ಏನಾದರೂ ಅನ್ನುತ್ತಿದ್ದೆ. ಅವರು ಹೆಪ್ಪು ತೆಗೆದುಕೊಂಡು ಹೋದರು, ನನಗೆ ಆ ದಿನ ಊಟ ಸೇರಲಿಲ್ಲ.

ಮಾವ ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಸ್ಕೀ ಹಲಗೆ ಮಾಡಲೆಂದು ಅಮೃತೂರಿನ ಹೊಲದ ಬದುವಿನಲ್ಲಿದ್ದ ಹಳೆಯ ಹಿಪ್ಪುನೇರಳೆ ಮರ ಕಡಿಸಿ ತಂದರು. ಹಾಕಿ ಕೋಲು ಮಾಡುವುದೂ ಇದೇ ಮರದಲ್ಲಿ, ಬಾಗುತ್ತದೆ, ಮುರಿಯುವುದಿಲ್ಲ ಅನ್ನುತ್ತಿದ್ದರು. ಹಲಗೆ ಕೊಯ್ಯಿಸಿ, ಆಚಾರಿಯ ಹತ್ತಿರ ತೋಪಡ ಇಸಿದುಕೊಂಡು, ಹಿತ್ತಲಿನಲ್ಲಿ ಕೂತು ತಾವೇ ನುಣುಪು ಮಾಡಿದರು. ತುದಿ ಬಗ್ಗಿಸಲು ದೊಡ್ಡ ಹಂಡೆ ಬೇಕಾಗಿತ್ತು, ಅದು ಇದ್ದದ್ದು ನಮ್ಮ ಬಚ್ಚಲಲ್ಲಿ. ಎರಡು ಹಲಗೆಯ ತುದಿಗಳೂ ಬೆಳಗಿನಿಂದ ಮಧ್ಯಾಹ್ನದವರೆಗೆ ಕುದಿಯುವ ನೀರಿನಲ್ಲಿ ನಿಂತವು. "ಮೀಯೋ ನೀರಲ್ಲಿ ಮರದ ಕಷಾಯ ಕಾಯಿಸ್ತಿದ್ದೀಯಲ್ಲಣ್ಣ" ಎಂದು ನಮ್ಮತ್ತೆ ಗೊಣಗಿದರೂ ಗರಿ ಮಟ್ಟೆ ಒಲೆಗೆ ತುಂಬುತ್ತಲೇ ಇದ್ದರು. ಮೆತ್ತಗಾದ ತುದಿಗಳನ್ನು ಬಗ್ಗಿಸಿ, ಹಗ್ಗದಲ್ಲಿ ಬಿಗಿದು, ಮೇಲೆ ಒರಳುಕಲ್ಲು ಹೇರಿ ಎಂಟು ದಿನ ಬಿಟ್ಟರು. ಆ ಎಂಟು ದಿನ ನಮ್ಮ ಮನೆಯಲ್ಲಿ ದೋಸೆ ಇಲ್ಲ.

ಊರುಗೋಲಿಗೆ ಎರಡು ಬಿದಿರು. ಅವು ಹೊಟ್ಟಿನಲ್ಲಿ ಹೂತುಕೊಳ್ಳದಿರಲೆಂದು ಬುಡಕ್ಕೆ ಒಂದೊಂದು ತೆಂಗಿನ ಚಿಪ್ಪು. ಕಾಲು ಬಿಗಿಯಲು ಪಟ್ಟಿ ಬೇಕೆಂದಾಗ ಅವರ ಹಳೆಯ ಮಿಲ್ಟ್ರಿ ಚೀಲ ಬಿಚ್ಚಿ ನಾನೇ ಹೊಲಿದುಕೊಟ್ಟೆ. ಹೊಟ್ಟು ಅಂದೆನಲ್ಲ, ಕುಣಿಗಲ್ಲಿನಲ್ಲಿ ಹಿಮ ಎಲ್ಲಿಂದ ತರೋಣ? ಊರಾಚೆಯ ರೈಸ್ ಮಿಲ್ಲಿನ ಹಿಂದೆ ಭತ್ತದ ಹೊಟ್ಟು ಬಿದ್ದು ಬಿದ್ದು ಎರಡಂತಸ್ತಿನ ಮನೆಯಷ್ಟು ಎತ್ತರದ ಗುಡ್ಡವಾಗಿತ್ತು. ಮಾವ ಕಣ್ಣಿಟ್ಟದ್ದು ಅದರ ಮೇಲೆ.

ಮೊದಲ ಭಾನುವಾರ ಅರ್ಧ ಊರು ಮಿಲ್ಲಿನ ಹಿಂದೆ ಸೇರಿತ್ತು. ಮಾವ ಬೆನ್ನಿಗೆ ಹಾಲಿನ ಕ್ಯಾನಿನಲ್ಲಿ ಸಾರು ಕಟ್ಟಿಕೊಂಡು ಗುಡ್ಡದ ತುದಿಗೆ ಹೋಗಿ ನಿಂತರು. ಜಾರಲೆಂದು ಹಲಗೆಯ ಅಡಿಗೆ ಕೀಲೆಣ್ಣೆ ಬಳಿದಿದ್ದರು, ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಗಾಡಿ ಓಡಿಸುವ ಎಣ್ಣೆ ಹಲಗೆಯನ್ನೂ ಓಡಿಸುತ್ತದೆಂದು ನಾವೆಲ್ಲರೂ ಒಪ್ಪಿದ್ದೆವು. ಎರಡು ಮಾರು ಜಾರಿದರೋ ಇಲ್ಲವೋ, ಎಣ್ಣೆಗೆ ಹೊಟ್ಟು ಮೆತ್ತಿ ಮೆತ್ತಿ ಹಲಗೆ ಗಕ್ಕನೆ ನಿಂತಿತು. ಹಲಗೆ ನಿಂತರೂ ಮಾವ ನಿಲ್ಲಲಿಲ್ಲ. ಮುಗ್ಗರಿಸಿ, ಉರುಳಿ, ಕೆಳಗೆ ಬಂದು ಬಿದ್ದಾಗ ಮೀಸೆಯ ತುಂಬ ಹೊಟ್ಟು, ಮೈತುಂಬ ಸಾರು. "ಚೆಲ್ತಲ್ಲಪ್ಪಾ" ಅಂದರು ಹೋಟೆಲಿನವರು. ಮಾವ ಎದ್ದು, ಹಲಗೆಗಳನ್ನು ಹೆಗಲಿಗೇರಿಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು.

ಮೂರು ದಿನ ಅವರ ಮನೆ ಬಾಗಿಲು ತೆರೆಯಲಿಲ್ಲ. ನನಗೆ ನನ್ನ ಬಾಯಿಯ ಮೇಲೆ ಅಷ್ಟು ಸಿಟ್ಟು ಬಂದದ್ದು ಹಿಂದೆಂದೂ ಇಲ್ಲ. ನಾಲ್ಕನೆಯ ದಿನ ದಪ್ಪ ಬಟ್ಟೆಗೆ ಕೈಹೊಲಿಗೆ ಹಾಕುತ್ತ ದಾರವನ್ನು ಜೇನುಮೇಣದ ಉಂಡೆಗೆ ಉಜ್ಜುತ್ತಿದ್ದೆ. ಮೇಣ ಹಚ್ಚಿದ ದಾರ ಸರಾಗವಾಗಿ ಓಡುತ್ತದೆ, ಅದಕ್ಕೆ ಎಳೆ, ಧೂಳು ಅಂಟುವುದಿಲ್ಲ. ಹೊಲಿಗೆ ಕಲಿತವರಿಗೆಲ್ಲ ಗೊತ್ತಿರುವ ಸಂಗತಿ, ನನ್ನ ತಲೆಗೆ ಹೊಳೆಯಲು ನಾಲ್ಕು ದಿನ ಬೇಕಾಯಿತು. ಅರ್ಧ ಹೊಲಿದದ್ದನ್ನು ಅಲ್ಲೇ ಬಿಟ್ಟು ಎದುರು ಮನೆಯ ಬಾಗಿಲು ಬಡಿದೆ.

ಮಾವ ಮೇಣದ ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಹಿಮ ಒದ್ದೆ, ಹೊಟ್ಟು ಒಣಕಲು. ನಂಗ್ಯಾಕೆ ಹೊಳೀಲಿಲ್ಲ?" ಅಂದರು. ಹಲಗೆ ಕೆರೆದು, ಬಿಸಿಲಿಗೆ ಕಾಯಿಸಿ, ಮೇಣ ತಿಕ್ಕಿ, ತೆಂಗಿನ ನಾರಿನಲ್ಲಿ ಇಬ್ಬರೂ ಉಜ್ಜಿದೆವು. ಉಜ್ಜಿದ್ದು ಎಷ್ಟೆಂದರೆ ಹಲಗೆಯಲ್ಲಿ ನನ್ನ ಬಳೆ ಕಾಣುತ್ತಿತ್ತು.

ಎರಡನೆಯ ಸಲ ಜನ ಇನ್ನೂ ಹೆಚ್ಚು, ನಗುವುದಕ್ಕೆಂದೇ ಬಂದವರು. ಮಾವ ಅವಸರ ಮಾಡಲಿಲ್ಲ. ಹಲಗೆ ಕಟ್ಟಿಕೊಂಡು ಗುಡ್ಡದ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತ ಹತ್ತಿದರು, ಇಳಿದರು, ಮತ್ತೆ ಹತ್ತಿದರು, ಸಡಿಲ ಹೊಟ್ಟು ತುಳಿದು ಗಟ್ಟಿ ದಾರಿಯಾಗುವವರೆಗೆ. ಆಮೇಲೆ ಮಿಲ್ಟ್ರಿ ಅತ್ತೆ ಆಗಷ್ಟೇ ಇಳಿಸಿ ತಂದ ಹುರುಳಿಕಾಳಿನ ಸಾರನ್ನು ಕ್ಯಾನಿಗೆ ಸುರಿದುಕೊಂಡರು. ಹೋಟೆಲಿನವರು ಸುಮ್ಮನಿರಬೇಕಲ್ಲ. "ಮುಚ್ಚಳ ಹಾಕ್ಕೊಂಡ್ರೆ ಯಾರ್ ಬೇಕಾದ್ರೂ ತರ್ತಾರೆ, ಬುಡಿ" ಅಂದರು.

ಮಾವ ಮುಚ್ಚಳ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಹಾಗೇ ಹತ್ತಿದರು.

ತುದಿಯಲ್ಲಿ ಒಂದು ಗಳಿಗೆ ನಿಂತು ಮಂಡಿ ಬಗ್ಗಿಸಿದರು. ಆಮೇಲೆ ಹಲಗೆಯ ಅಡಿಯಿಂದ ಸರ್ರೆಂಬ ಸದ್ದು. ಅದುವರೆಗೆ ನಾನು ನೋಡಿದ್ದ ಅಡುಗೆಯವರು, ಸಂತೆಚೀಲ ಹಿಡಿದ ಎದುರುಮನೆಯವರು, ಅಲ್ಲಿರಲಿಲ್ಲ. ಸೊಂಟದಿಂದ ಕೆಳಗೆ ಕಾಲುಗಳು ಎಡಕ್ಕೆ, ಬಲಕ್ಕೆ ತಿರುಗುತ್ತಿದ್ದವು, ಸೊಂಟದಿಂದ ಮೇಲೆ ಅವರು ಅಲುಗಲೇ ಇಲ್ಲ. ಹೊಟ್ಟು ಎರಡೂ ಕಡೆಗೆ ಚಿನ್ನದ ಬಣ್ಣದಲ್ಲಿ ಏಳುತ್ತಿತ್ತು. ಕೆಳಗೆ ಬಂದವರು ಹಲಗೆಗಳನ್ನು ಅಡ್ಡ ತಿರುಗಿಸಿ ನಿಂತೇಬಿಟ್ಟರು, ಜನರಿಂದ ಒಂದು ಮಾರು ದೂರದಲ್ಲಿ. ಎಲ್ಲರೂ ಅವರ ಬೆನ್ನು ನೋಡುತ್ತಿದ್ದರು. ಅಂಗಿ ಒಣಗಿದ್ದಂತೆಯೇ ಇತ್ತು.

ಅವರು ಕ್ಯಾನು ಇಳಿಸಿ, ಒಂದು ಲೋಟಕ್ಕೆ ಸಾರು ಬಗ್ಗಿಸಿ, ಹೋಟೆಲಿನವರನ್ನು ದಾಟಿ ನೇರ ನನ್ನ ಮುಂದೆ ಬಂದರು. ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು.

"ಚೆಲ್ಲಿಲ್ಲ ಕಣಮ್ಮ. ಆರೋಕ್ ಮುಂಚೆ ಕುಡಿ."

ಅಷ್ಟು ಜನರ ಮುಂದೆ ಅಳುತ್ತ ಸಾರು ಕುಡಿದವಳು ಕುಣಿಗಲ್ಲಿನಲ್ಲಿ ನಾನೊಬ್ಬಳೇ ಇರಬೇಕು. ಎರಡನೆಯ ಲೋಟ ಹೋಟೆಲಿನವರಿಗೆ ಹೋಯಿತು. ಅವರು ಕುಡಿದು, ಬಾಯಿ ಒರೆಸಿಕೊಂಡು, "ಮಿಲ್ಟ್ರಿಯವ್ರೇ, ನಾಳೆಯಿಂದ ಕಾಫಿಗೆ ಬನ್ನಿ" ಅಂದರು. ಆಮೇಲೆ ಎದ್ದ ಕೇಕೆಗೆ ಮಿಲ್ಲಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಹುಲಿಯೂರುದುರ್ಗದ ಬಸ್ಸಿನ ಕಂಡಕ್ಟರ್ ಅಂದಿನಿಂದ ಮಾವನಿಗೆ ಸಲ್ಯೂಟ್ ಹೊಡೆಯುತ್ತಿದ್ದ.

ಎಂಬತ್ತರ ದಶಕದ ನಡುವೆ, ನಾನು ಅಮ್ಮನ ಕಾಯಿಲೆಗೆಂದು ಗುಬ್ಬಿಗೆ ಹೋಗಿದ್ದಾಗ ಮಾವ ತೀರಿಕೊಂಡರು. ಎರಡು ಬಸ್ಸು ಬದಲಿಸಿ ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಒಂದು ಹಲಗೆ ಅವರ ಜೊತೆ ಕಳಿಸ್ದೆ. ಇದಕ್ಕೆ ನಿನ್ನ ಮೇಣ ಬಿದ್ದಿದೆ, ನೀನೇ ಇಟ್ಕೊ" ಎಂದು ಮಿಲ್ಟ್ರಿ ಅತ್ತೆ ಈ ಹಲಗೆ ಕೊಟ್ಟರು. ತಪ್ಪಾಯಿತು ಮಾವ ಅನ್ನುವ ಎರಡು ಮಾತನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಲೇ ಇಲ್ಲ... ನಾಳೆ ಹೇಳಿದರಾಯಿತು ಅಂದುಕೊಂಡೇ ವರ್ಷಗಳು ಹೋದವು. ಮಿಲ್ಲೂ ಈಗ ಇಲ್ಲ, ಆ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ.

ನಿನ್ನೆ ಮೊಮ್ಮಗಳು ಗೋಡೆಗೊರಗಿದ್ದ ಹಲಗೆ ನೋಡಿ ಏನೆಂದು ಕೇಳಿದಳು. ಕೂರಿಸಿಕೊಂಡು ಹಿಮದ ಕಥೆ, ಹೊಟ್ಟಿನ ಕಥೆ ಎರಡನ್ನೂ ಹೇಳತೊಡಗಿದೆ. ಮಾವ ಮುಚ್ಚಳ ತೆಗೆದು ಗುಡ್ಡ ಹತ್ತಿದ ಕಡೆಗೆ ಬಂದಾಗ ಅವಳು ಕಣ್ಣು ಕಿರಿದು ಮಾಡಿ, ತುಟಿಯಂಚಿನಲ್ಲಿ ನಗುತ್ತ, ನನ್ನದೇ ದನಿಯಲ್ಲಿ ಕೇಳಿದಳು.

"ಸಾರು ಚೆಲ್ಲಲಿಲ್ವಾ, ಅಜ್ಜಿ?"

"ಒಂದು ತೊಟ್ಟೂ ಚೆಲ್ಲಲಿಲ್ಲ" ಅಂದೆ. "ಕುಡಿದವಳು ನಾನು."