ಬಳಸಬೇಡಿ ಅಂದರೆ ಸಾಕೇ?

ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಬರೆದ ಎಚ್ಚರಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಹುಣಸೂರಿನ ಮನೆಯಲ್ಲಿ ಕೂತು ನಾನೊಂದು ಸಾಫ್ಟ್‌ವೇರ್ ಲೈಬ್ರರಿ ನೋಡಿಕೊಳ್ಳುತ್ತೇನೆ. ಶಾಖ ಅಳೆಯುವ ಸೆನ್ಸರ್‌ಗಳನ್ನು ಓದುವ ಕೋಡ್ ಅದು. ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದು. ಅದರ ಹಳೆಯ ಫಂಕ್ಷನ್ ಒಂದನ್ನು, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕನ್ನು, ಮುಂದಿನ ವಾರ ಕಿತ್ತುಹಾಕುವವಳಿದ್ದೆ. ‘ಇದು ಹಳೆಯದು, ಬಳಸಬೇಡಿ’ ಎಂಬ ಹಳದಿ ಸಾಲು ಒಂದು ವರ್ಷದಿಂದ ಅದನ್ನು ಬಳಸುವ ಎಲ್ಲರ ಪರದೆಯ ಮೇಲೂ ಬರುತ್ತಿತ್ತು.

ಅಷ್ಟರಲ್ಲಿ ಬೆಟ್ಟದಪುರದ ಕಡೆಯಿಂದ ಒಂದು ಮೇಲ್ ಬಂತು: ‘ಬಳಸಬೇಡಿ ಅಂದ್ರೆ ಇನ್ನೇನು ಬಳಸೋದು?’ ಅರೆ, ನನ್ನ ಕೋಡ್ ಹೊಗೆಸೊಪ್ಪಿನ ಊರಿಗೂ ಹೋಗಿದೆಯೇ! ಸಿಟ್ಟಿಗಿಂತ ಕುತೂಹಲ ಹೆಚ್ಚಾಗಿ ಸ್ಕೂಟರ್ ಹತ್ತಿದೆ.

ಮೇಲ್ ಬರೆದವರು ಡಿಪ್ಲೊಮಾ ಓದಿದ ರೈತ ಹೆಣ್ಣುಮಗಳು. ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಕೋಣೆಯಾದ ಬ್ಯಾರನ್ನಿನೊಳಗೆ ಸೆನ್ಸರ್ ಕಟ್ಟಿದ್ದರು. ಶಾಖ ಮಿತಿ ಮೀರಿದರೆ ಅವರ ಫೋನ್ ಕೂಗಬೇಕು. ಕೂಗದಿದ್ದರೆ ಸೊಪ್ಪೆಲ್ಲ ಹಾಳು. ಆ ಕೂಗು ನೆಚ್ಚಿಕೊಂಡಿದ್ದು ನನ್ನ ಹಳೇ ಫಂಕ್ಷನ್ನನ್ನೇ. ಮುಂದಿನ ವಾರ ನಾನು ಅದನ್ನು ಕಿತ್ತಿದ್ದರೆ ಫೋನ್ ಮೂಕವಾಗುತ್ತಿತ್ತು.

“ನಿಮ್ಮ ಹಳ್ದಿ ಸಾಲು ಬೇಡ ಅಂತದೆ ಮೇಡಮ್, ಏನ್ ಬೇಕು ಅಂತ ಹೇಳಾಕಿಲ್ಲ. ನಮ್ಮತ್ತೆ ಇದ್ದಂಗೆ,” ಎಂದು ನಕ್ಕರು.

ಜಗಲಿಯಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟಿಸುತ್ತಿದ್ದ ಅತ್ತೆ ಬಿಡುತ್ತಾರೆಯೇ? “ನಾನ್ ಯಾವತ್ತವ್ವ ಅಂಗ್ ಮಾಡಿದ್ದೆ? ಇಲ್ ನೋಡು.” ಪಕ್ಕದ ಕೂಲಿಯಾಕೆಯ ಕೈಯಲ್ಲಿದ್ದ ಹಳೇ ದಾರ ಪದೇ ಪದೇ ತುಂಡಾಗುತ್ತಿತ್ತು. ಅತ್ತೆ ಹೊಸ ದಾರದ ಉಂಡೆಯನ್ನು ಆಕೆಯ ಮಡಿಲಿಗೆ ಹಾಕಿ, ಅದರಲ್ಲೊಂದು ಗಂಟು ಹಾಕಿ ತೋರಿಸಿ, “ಈ ಕಡ್ಡಿ ಮುಗಿಸ್ಕೊ, ಆಮೇಕೆ ಅಳೇ ದಾರ ಬುಡು” ಎಂದರು.

ನನಗೆ ನಾಚಿಕೆಯಾಯಿತು. ವರ್ಷವಿಡೀ ನಾನು ಬರೀ ಗದರಿದ್ದೆ.

ಅಲ್ಲೇ ಗೋಣಿಚೀಲದ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು ಎಚ್ಚರಿಕೆಯನ್ನು ತಿದ್ದಿದೆ. ಬದಲಿಗೆ ಬಳಸಬೇಕಾದ ಫಂಕ್ಷನ್ನಿನ ಹೆಸರು ಹಾಕಿ, ಯಾವ ಸಾಲನ್ನು ಹೇಗೆ ಬದಲಿಸಬೇಕೆಂದು ಬರೆದೆ. ಹಳೆಯದು ಇನ್ನೂ ಆರು ತಿಂಗಳು ಇರುತ್ತದೆ ಎಂದೂ ಸೇರಿಸಿದೆ. ಆಮೇಲೆ ವಿವರಿಸಲು ಹೋಗದೆ ಅದನ್ನು ಸೊಸೆಗೆ ತೋರಿಸಿದೆ. ಅವರು ಓದಿದರು, ತಮ್ಮ ಪ್ರೋಗ್ರಾಮಿನಲ್ಲಿ ಒಂದು ಸಾಲು ಅಳಿಸಿ ಇನ್ನೊಂದು ಬರೆದರು.

“ಅಯ್ಯೋ, ಇಷ್ಟೇನಾ ಮೇಡಮ್!”

ಕಾಫಿ ಲೋಟ ಕೈಗೆ ಬಂದಿತ್ತಷ್ಟೆ, ಸೊಸೆಯ ಫೋನ್ ಕೂಗಿತು. ಅವರು ನನ್ನ ಮುಖವನ್ನೂ ನೋಡದೆ ಬ್ಯಾರನ್ನಿನ ಒಲೆಯತ್ತ ಓಡಿ, ಉರಿಯುವ ಸೌದೆಯನ್ನು ಹೊರಗೆಳೆದರು. ನಾನು ಲೋಟ ಹಿಡಿದು ನಿಂತೇ ಇದ್ದೆ.

“ಕಾಪಿ ಕುಡಿ ಕಣವ್ವ,” ಎಂದರು ಅತ್ತೆ, “ಸೊಪ್ಪು ಉಳೀತು.”