ಲೀಕಾ ಖಲಾಸ್!

ಬಟ್ಟೆ ಒಗೆದೆ. ಕಿಟಕಿಯ ಸಂದಿಯಲ್ಲಿ ಕೂತ ಮರಳು ಒರೆಸಿದೆ. ಧಾರೆ ಸೀರೆಯನ್ನು ಗಾಳಿಗೆ ಹರವಿದೆ. ತೊಟ್ಟಿಕ್ಕುವ ಎಸಿಯ ಕೆಳಗೆ ಬಕೆಟ್ ಇಟ್ಟೆ. ಇವರು ಪೇಪರಿನಿಂದ ತಲೆಯೆತ್ತಿ ಕೇಳಿದರು, "ಲೀಕಾ?"

ಇಬ್ಬರಿಗೂ ನಗು ಬಂತು. ಹಳೆಯ ನಗು.

ನಾವು ಕುವೈತಿನ ರಿಗ್ಗೈಗೆ ಬಂದ ಹೊಸತು. ಮೇಲಿನ ಫ್ಲ್ಯಾಟಿನಲ್ಲಿ ಇರಾನಿನ ಹೆಂಗಸೊಬ್ಬರಿದ್ದರು. ಬಿಲ್ಡಿಂಗಿಗೆಲ್ಲ ಅವರು 'ಖಾನಂ'. ಜೊಂಡಿನ ಲೇಖನಿಯಲ್ಲಿ ಫಾರ್ಸಿ ಅಕ್ಷರ ಬರೆದು, ಸುತ್ತ ಚಿನ್ನದ ಬಳ್ಳಿ ಬಿಡಿಸುವುದು ಅವರ ಕಸುಬು. (ಚಿನ್ನವೆಂದರೆ ಚಿನ್ನವೇ, ಪೇಂಟ್ ಅಲ್ಲ.)

ಒಂದು ಬೆಳಿಗ್ಗೆ ಖಾನಂ ಬಾಗಿಲು ಬಡಿದರು. "ಬೆಹನ್, ಲೀಕಾ ಖಲಾಸ್!"

"ಅಚ್ಛಾ ಹುವಾ!" ಎಂದೆ. ಲೀಕ್ ನಿಂತರೆ ಒಳ್ಳೆಯದೇ ಅಲ್ಲವೇ? ಅವರ ಕಣ್ಣು ತುಂಬಿತು. ಕೈ ಹಿಡಿದು ನನ್ನನ್ನು ತಮ್ಮ ಫ್ಲ್ಯಾಟಿಗೆ ಎಳೆದೊಯ್ದರು.

'ಲೀಕ್' ಎಂದಷ್ಟೇ ಕೇಳಿಸಿಕೊಂಡ ಇವರು ಸ್ಪ್ಯಾನರ್ ಹಿಡಿದೇ ಮೇಲೆ ಬಂದರು. "ಪೈಪ್ ಎಲ್ಲುಂಟು ಮಾರಾಯ್ತಿ?"

ಪೈಪ್ ಇರಲಿಲ್ಲ. ಮೇಜಿನ ಮೇಲೊಂದು ಹಾಳೆ. ಮರುದಿನ ಖಾನಂ ಮಗಳ ಮದುವೆ. ತಿಂಗಳುಗಟ್ಟಲೆ ಕೂತು ಬಿಡಿಸಿದ ಚಿನ್ನದ ಬಳ್ಳಿಯ ನಡುವೆ ವಧೂವರರ ಹೆಸರಿಗೆ ಬಿಟ್ಟ ಜಾಗ ಖಾಲಿ. ಖಾನಂ ಶಾಯಿಕುಡಿಕೆ ತೋರಿಸಿದರು. ಲೀಕಾ ಎಂದರೆ ಅದರೊಳಗಿನ ರೇಷ್ಮೆ ಎಳೆಗಳ ಉಂಡೆ. ಲೇಖನಿ ಅದನ್ನು ಸೋಕಿದರೆ ಹದವಾಗಿ ಶಾಯಿ ಹೀರುತ್ತದೆ. ಉಂಡೆ ಕೊಳೆತುಹೋಗಿತ್ತು. ಹತ್ತಿ ಹಾಕಿದರೆ ನಾರು ಅಂಟುತ್ತದೆ. ಬರೀ ಶಾಯಿಯಲ್ಲಿ ಅದ್ದಿ ಒಂದು ಹನಿ ಬಿತ್ತೋ, ಅಷ್ಟೂ ಕೆಲಸ ಹಾಳು.

ನಮ್ಮನೆಯಲ್ಲಿದ್ದ ಅಸಲಿ ರೇಷ್ಮೆ ಒಂದೇ. (ಉಳಿದದ್ದೆಲ್ಲ ಆರ್ಟ್ ಸಿಲ್ಕ್.)

"ಧಾರೆ ಸೀರೆಗೆ ಕತ್ತರಿಯಾ? ನಿನ್ನಮ್ಮ ನನ್ನನ್ನು ಬಿಡ್ಲಿಕ್ಕಿಲ್ಲ!"

"ಸೀರೆಗಲ್ಲ ಮಾರಾಯ್ರೇ, ಸೆರಗಿನ ಕುಚ್ಚಿಗೆ."

ಹಾಗೆಂದು ಕತ್ತರಿ ಎತ್ತಿಕೊಂಡೆ. ಕಣ್ಣು ಮುಚ್ಚಿ ಕತ್ತರಿಸಿದೆ. ಖಾನಂ ಕುಚ್ಚಿನ ಕೆಂಪು ಬಿಡುವವರೆಗೆ ಕುದಿಸಿ, ಹಿಂಡಿ, ಕುಡಿಕೆಗೆ ತುಂಬಿ ಶಾಯಿ ಸುರಿದರು. ಲೇಖನಿ ಅದ್ದಿದರು. ನಾವು ಉಸಿರು ಹಿಡಿದು ನಿಂತೆವು. ಮೊದಲು ಮಗಳ ಹೆಸರು, ಆಮೇಲೆ ಅಳಿಯನದು. ಒಂದು ಹನಿಯೂ ಬೀಳಲಿಲ್ಲ.

ಸಂಜೆ ಮೇಲಿನಿಂದ ತಟ್ಟೆ ಬಂತು. ಅನ್ನ, ಅದರ ಮೇಲೆ ಕಂದು ಹಕ್ಕಳೆ.

"ಇಷ್ಟೆಲ್ಲ ಮಾಡಿದ್ದಕ್ಕೆ ತಳ ಹಿಡಿದ ಅನ್ನವಾ?" ಇವರು ಪಿಸುಗುಟ್ಟಿದರು. ಅವರಲ್ಲಿ ಆ ತಳ ಬಲು ಬೇಕಾದವರಿಗೆ ಬಡಿಸುವಂಥದ್ದೆಂದು ಗೊತ್ತಾದದ್ದು ಆಮೇಲೆ.

ಖಾನಂ ಕುವೈತ್ ಬಿಟ್ಟು ಎಷ್ಟೋ ಕಾಲವಾಯಿತು. ಸೆರಗಿನ ಅಂಚಿನಲ್ಲಿ ಆ ಖಾಲಿ ಜಾಗ ಹಾಗೇ ಇದೆ. ಬೇರೆ ಕುಚ್ಚು ಕಟ್ಟಿಸಲು ನನಗೆ ಮನಸ್ಸಾಗಲಿಲ್ಲ.

ಇವತ್ತು ಅನ್ನವನ್ನು ಬೇಕೆಂದೇ ತಳ ಹಿಡಿಸಿದೆ. ಜೊತೆಗೆ ಬಸಳೆ ಸಾರು. ಇವರು ಹಕ್ಕಳೆ ಮುರಿದು, ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿ, ಉಂಡು ನನಗಿಂತ ಮೊದಲೇ ಮಲಗಿದರು.

ಎಸಿಯ ಲೀಕಾ? ಅದಿನ್ನೂ ಖಲಾಸ್ ಆಗಿಲ್ಲ.