ನೀರಿನ ಟಾಕಿಯ ಮುಂದೆ ಗಿರಿಜಾಳ ಸಭೆ

ನರಗುಂದದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಮೊಮ್ಮಗಳು ಗಿರಿಜಾ ಧಾರವಾಡದಲ್ಲಿ ಎಂ.ಎ. ಓದುತ್ತಾಳೆ. ಆ ಓದಿನವರು ಒಂದಷ್ಟು ದಿನ ಹಳ್ಳಿಯ ಪಂಚಾಯ್ತಿಯಲ್ಲಿ ದುಡಿದು ಕಲಿಯಬೇಕಂತೆ. ಅವಳಿಗೆ ಸಿಕ್ಕಿದ್ದು ಗಜೇಂದ್ರಗಡದ ಹತ್ತಿರದ ಸಣ್ಣ ಊರು. ಆ ದಿನ ಅವಳು ಹೆಂಗಸರ ಗ್ರಾಮಸಭೆ ನಡೆಸಬೇಕಿತ್ತು. ಹೆಂಗಸರು ಬಂದು, ಮಾತಾಡಿ, ಠರಾವು ಮಾಡದಿದ್ದರೆ ತರಬೇತಿ ಪಾಸಾಗುವುದಿಲ್ಲ. ಮೂರನೇ ಈಯತ್ತೆಗೆ ಶಾಲೆ ಬಿಟ್ಟ ನಾನು ಇದನ್ನು ನೋಡದೆ ಮನೆಯಲ್ಲಿ ಕೂರುವುದುಂಟೇ!

ರೋಣದಲ್ಲಿ ಗಿರ್ಮಿಟ್ಟು ತಿಂದು, ಚಹಾ ಕುಡಿದು ಬಸ್ಸು ಬದಲಿಸಿದೆ.

"ಎಲ್ಲಿಗ್ರಿ ಯಮ್ಮಾ?" ಎಂದ ಕಂಡಕ್ಟರ್.

"ನನ್ನ ಮೊಮ್ಮಗಳ ಸಭಾಕ್ಕಪ್ಪಾ!"

"ಸಭಾಕ್ಕ ಟಿಕೆಟ್ ಇಲ್ರಿ, ಊರ ಹೆಸರ ಹೇಳ್ರಿ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಸೂಡಿ ದಾಟುವವರೆಗೂ ಪಕ್ಕದವಳಿಗೆ ಗಿರಿಜಾಳ ಸುದ್ದಿಯನ್ನೇ ಹೇಳಿದೆ. ಹೊರಗೆ ಎರೆಹೊಲದ ತುಂಬ ಬಿಳಿಜೋಳ, ಚುರುಗುಟ್ಟುವ ಬಿಸಿಲು.

ಊರಿಗೆ ಇಳಿದಾಗ ಗುಡಿಯ ಕಟ್ಟೆ ತುಂಬಿತ್ತು. ಆದರೆ ಎಲ್ಲ ಗಂಡಸರೇ! ಅವಳ ತರಬೇತಿ ನೋಡಿ ಪಾಸು ಮಾಡಲು ಬಂದ ಧಾರವಾಡದ ಸರ್ ಕುರ್ಚಿಯಲ್ಲಿ ಕೂತಿದ್ದರು.

"ಆಯಿ, ನಂದ ತಪ್ಪಾತು," ಗಿರಿಜಾ ಮೆಲ್ಲಗೆ ಅಂದಳು. "ಮನಿಗೊಬ್ರು ಬರ್ರಿ ಅಂತ ಡಂಗುರಾ ಹೊಡಿಸಿದೆ."

ಮನೆಗೊಬ್ಬರು ಅಂದರೆ ನಮ್ಮ ಕಡೆ ಯಜಮಾನನೇ ಎದ್ದು ಬರುತ್ತಾನೆ. ಅದರ ಮೇಲೆ ಮಾವಂದಿರು ಕೂತ ಕಟ್ಟೆಯನ್ನು ಸೊಸೆಯಂದಿರು ಹತ್ತುವುದೂ ಇಲ್ಲ.

"ಹೆಣ್ಮಕ್ಕಳ ಮಾತು ನಾವ ಹೇಳ್ತೀವಿ, ಬರ್ಕೊಳವಾ," ಎಂದರು ಒಬ್ಬ ಹಿರಿಯರು. "ಅವರಿಗೆ ಪಾಯಖಾನಿ ಬೇಕು. ಹಳ್ಳದ ಆಚಿ ಕಟ್ಟಿಸಿದ್ರಾತು."

"ಹೊತ್ತು ಮುಣಗೂತನಾ ತಡಕೊಂಡ ಕುಂದರೂದು ನಿಮಗ ಗೊತ್ತೈತೇನ್ರಿ, ಯಜಮಾನ್ರ?" ಎಂದೆ ನಾನು.

ಹಿರಿಯರು ಮೀಸೆಗೆ ಕೈ ಹಾಕಿದರು. ಗಿರಿಜಾ ಜಮಖಾನೆ ಸುತ್ತಿ ಹೆಗಲಿಗೇರಿಸಿದಳು. "ಸರ್, ಸಭಾನ ನೀರಿನ ಟಾಕಿ ಕಡೆ ನಡಸ್ತೀನ್ರಿ. ಹೆಣ್ಮಕ್ಕಳು ಅಲ್ಲೇ ಅದಾರ."

ಟಾಕಿಯ ಹತ್ತಿರ ನೀರು ತುಂಬುವವರು, ಬಟ್ಟೆ ಒಗೆಯುವವರು ನೆರೆದಿದ್ದರು. ಗಿರಿಜಾ ಹಿಂದೆ ಬಂದ ಗಂಡಸರನ್ನು ದೂರದ ಬೇವಿನ ಗಿಡದ ಕೆಳಗೆ ಕೂಡಿಸಿ ಬಂದು, ಪಾಯಖಾನೆ ಹಳ್ಳದ ಆಚೆ ಆದೀತೇ ಎಂದು ಹೆಂಗಸರನ್ನು ಕೇಳಿ ಬರೆಯಲು ಕೂತಳು.

ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ಕೆಣಕಿದಳು: "ನೀ ಬರ್ಕೊಂಡ್ರ ಗ್ವಾಡಿ ಏಳತಾವೇನ ತಂಗಿ?"

"ನೀವು ಮಾತು ಬಾಯಾಗ ಇಟ್ಕೊಂಡ್ರ ಅಂತೂ ಏಳೂದಿಲ್ಲಕ್ಕಾ."

ಆಕೆ ಕೈಯ ನೊರೆ ಝಾಡಿಸಿ ಎದ್ದು ನಿಂತಳು. "ಹಂಗಾರ ಬರಕೋ. ಹಳ್ಳದ ಆಚಿ ಬ್ಯಾಡ. ಇಲ್ಲೇ ಬೇಕು, ನೀರಿನ ಬಾಜೂಕ. ಒಂದು ದೀಪಾನೂ ಬೇಕು." ಅಷ್ಟೇ ಸಾಕು, ಎಲ್ಲರ ಬಾಯಿ ಬಿಚ್ಚಿತು. ಬಸುರಿ ಸೊಸೆಯೊಬ್ಬಳು ಸೆರಗಿನ ಮರೆಯಿಂದಲೇ, "ಒಳಗಿಂದ ಚಿಲಕಾ ಹಾಕೂ ಬಾಗಲಾ ಇರ್ಲಿ," ಎಂದಳು. ಠರಾವಾಯಿತು. ಕೆಲವರು ಸಹಿ ಮಾಡಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು.

ನಾನು ತಡೆಯಲಾರದೆ ಸರ್ ಹತ್ತಿರ ಹೋದೆ. "ಪಾಸೇನ್ರಿ?"

"ಪಾಸ್ ಅಮ್ಮಾ," ಎಂದು ಅವರು ನಕ್ಕರು. "ಮುಂದಿನ ವರ್ಷದ ಹುಡುಗರಿಗೂ ಸಭೆಯನ್ನ ಹಿಂಗ ನಡಸ್ರಿ ಅಂತ ಹೇಳ್ತೀನಿ."

ನನ್ನ ಕಣ್ಣು ತುಂಬಿ ಬಂತು. ಕಂಡಕಂಡವರಿಗೆಲ್ಲ, "ನನ್ನ ಮೊಮ್ಮಗಳ್ರಿ!" ಎಂದೆ.

ಸಂಜೆಯ ಬಸ್ಸು ತಿರುವಿನಲ್ಲಿ ನಿಧಾನಿಸಿದಾಗ ಕಿಟಕಿಯಿಂದ ಕೂಗಿದೆ. ಗಿರಿಜಾ ಕೈಬೀಸಲಿಲ್ಲ. ಟಾಕಿಯ ಪಕ್ಕದ ಜಾಗ ಅಳೆಯಲು ಹಗ್ಗದ ಒಂದು ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಇನ್ನೊಂದು ತುದಿ ಆ ಬಸುರಿಯ ಕೈಯಲ್ಲಿತ್ತು.